ಉಲ್ಟಾ ಅಕ್ಕನ ಸೈರನ್

ನಮ್ಮ ಅತ್ತಿಗೆಗೆ ಮೇಲೆ ಯಾವುದು, ಕೆಳಗೆ ಯಾವುದು ಎಂದು ತಿಳಿಯುವುದಿಲ್ಲ ಅನ್ನುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತಿಲ್ಲದವರಿಗೆ ನಾನೇ ಹೇಳುತ್ತಿದ್ದೆ. ನನ್ನದು ಊರಿನ ನಟ್ಟನಡುವೆ ಬಟ್ಟೆ ಹೊಲಿಯುವ ಅಂಗಡಿ. ಅಳತೆ ಕೊಡಲು ಬಂದವನು ಎರಡೂ ಕೈ ಅಗಲಿಸಿ ನಿಂತಿರುತ್ತಾನೆ, ಮೈಸುತ್ತ ಟೇಪು ಇರುತ್ತದೆ, ಎಲ್ಲಿಗೂ ಹೋಗುವಂತಿಲ್ಲ; ನಾನು ಹೇಳಿದ್ದನ್ನು ಕೇಳಲೇಬೇಕು. ನಾಲ್ಕು ವರ್ಷದಲ್ಲಿ ಎಷ್ಟು ಜನರ ಸೊಂಟ ಅಳೆದೆನೋ ಅಷ್ಟು ಜನರಿಗೂ ನನ್ನ ಸ್ವಂತ ಅಣ್ಣನ ಹೆಂಡತಿಯ ದಡ್ಡತನವನ್ನು ಹಂಚಿದ್ದೇನೆ.

ಊರು ಅಂದರೆ ಗುಡ್ಡದಿಂದ ಇಳಿದುಬರುವ ಒಂದೇ ಉದ್ದ ಬೀದಿ. ಮೇಲಿನ ತುದಿಯಲ್ಲಿ ಮರ ಕೊಯ್ಯುವ ಮಿಲ್ಲು, ಅದರ ಬೆನ್ನಿಗೇ ಕಾಡು. ಕೆಳಗಿನ ತುದಿಯಲ್ಲಿ ಬಸ್ ನಿಲ್ದಾಣ, ಶಾಲೆ, ಹಳ್ಳದ ದಂಡೆಯ ಹೋಟೆಲು. ಕರಡಿಗಳು ಎರಡೂ ತುದಿಗೆ ಬರುತ್ತವೆ. ಮೇಲೆ ಬರುವುದು ಮಿಲ್ಲಿನ ಹಿಂದಿನ ಹಣ್ಣಿನ ಮರಗಳಿಗೆ, ಕೆಳಗೆ ಬರುವುದು ಹೋಟೆಲಿನವನು ಹಿತ್ತಿಲಿಗೆ ಸುರಿಯುವ ಎಂಜಲಿಗೆ. ಮುಚ್ಚಳ ಇರುವ ಡಬ್ಬಿ ಇಡಪ್ಪಾ ಎಂದು ಹೇಳಿ ಹೇಳಿ ಅರಣ್ಯ ಇಲಾಖೆಯವರ ನಾಲಿಗೆ ಸವೆಯಿತು. ಕೊನೆಗೆ ಅವರೇ ಒಂದು ಡಬ್ಬಿ ತಂದುಕೊಟ್ಟರು. ಅವನು ಡಬ್ಬಿಯನ್ನು ಹಿತ್ತಿಲಲ್ಲಿಟ್ಟ, ಮುಚ್ಚಳವನ್ನು ಮನೆಗೆ ಒಯ್ದು ನೀರಿನ ಪಾತ್ರೆಗೆ ಮುಚ್ಚಿಕೊಂಡ.

ಅದಕ್ಕೇ ಎರಡು ತುದಿಗೆ ಎರಡು ಸೈರನ್. ಊರ ಮಧ್ಯೆ ನೀರಿನ ಟ್ಯಾಂಕಿನ ಪಕ್ಕ, ಮೆಟ್ಟಿಲು ಹತ್ತಿ ಹೋಗಬೇಕಾದ ಒಂದು ಕಾವಲು ಕೋಣೆ ಇದೆ. ನಾಲ್ಕೂ ಕಡೆ ಗಾಜಿನ ಕಿಟಕಿ. ಒಳಗೆ ಮೇಜು, ದುರ್ಬೀನು, ಫೋನು, ಒಂದು ಕಬ್ಬಿಣದ ಕಪಾಟು, ಗೋಡೆಯ ಮೇಲೆ ಎರಡು ಸ್ವಿಚ್ಚು: ಒಂದು ಮೇಲಿನ ತುದಿಗೆ, ಒಂದು ಕೆಳಗಿನ ತುದಿಗೆ. ಹಗಲೆಲ್ಲ ಒಬ್ಬರು ಅಲ್ಲಿ ಕೂತು ನೋಡುತ್ತಿರಬೇಕು. ಕರಡಿ ಯಾವ ತುದಿಯಲ್ಲಿ ಕಂಡಿತೋ ಆ ತುದಿಯ ಸೈರನ್ ಕೂಗಿಸಬೇಕು. ಅಲ್ಲಿಯ ಜನ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಬಂದ ದಾರಿ ತೆರೆದಿದ್ದರೆ ಕರಡಿ ತಿನ್ನುವುದನ್ನು ತಿಂದು ಅರ್ಧ ಗಂಟೆಯಲ್ಲಿ ತಾನಾಗಿ ವಾಪಸು ಹೋಗುತ್ತದೆ. ಇಷ್ಟೇ ನಿಯಮ.

ನಮ್ಮ ಜನ ಇದನ್ನು ಅರ್ಥಮಾಡಿಕೊಂಡ ರೀತಿಯೇ ಬೇರೆ. ಕರಡಿ ಎಲ್ಲಿದೆ ಎಂದು ಇಲಾಖೆಯವರೇ ಕೂಗಿ ಹೇಳುತ್ತಿದ್ದಾರೆ, ಹೋಗಿ ನೋಡಿಕೊಂಡು ಬರೋಣ ಎಂದು. ಸೈರನ್ ಕೇಳಿದ್ದೇ ತಡ, ಬೇಕರಿಯವನು ಒಲೆಯಲ್ಲಿ ಬ್ರೆಡ್ಡು ಬಿಟ್ಟು ಫೋನು ಹಿಡಿದು ಓಡುತ್ತಿದ್ದ. ಕ್ಷೌರದಂಗಡಿಯಿಂದ ಅರ್ಧ ಗಡ್ಡದ ಗಿರಾಕಿ, ಅವನ ಹಿಂದೆಯೇ ಕತ್ತಿ ಹಿಡಿದ ಅಂಗಡಿಯವನು. ಒಬ್ಬಾಕೆ ಹಸುಗೂಸಿಗೆ ಕರಡಿ ತೋರಿಸಲು ಎತ್ತಿಕೊಂಡು ಬಂದಿದ್ದಳು. ಆ ಕೂಸಿಗೆ ಇನ್ನೂ ಅಮ್ಮನ ಮುಖವೇ ನೆಟ್ಟಗೆ ಕಾಣುತ್ತಿರಲಿಲ್ಲ. ಎಲ್ಲರೂ ಸೇರಿ ಸರಿಯಾಗಿ ಕರಡಿ ಬಂದ ದಾರಿಗೇ ಅಡ್ಡ ನಿಂತು, ಅದು ಯಾಕೆ ಹೋಗುತ್ತಿಲ್ಲ ಎಂದು ಕಲ್ಲು ಬೀರುತ್ತಿದ್ದರು. ಇಂಥ ದಡ್ಡಶಿಖಾಮಣಿಗಳ ಹಿಂದೆ ನಾನೂ ಹೋಗುತ್ತಿದ್ದೆ, ನಿಜ. ಆದರೆ ನಾನು ಹೋಗುತ್ತಿದ್ದುದು ಅವರ ದಡ್ಡತನ ನೋಡಲು. ಕರಡಿ ನೋಡುವ ಚಪಲ ನನಗಿಲ್ಲ.

ಆಗ ಕಾವಲು ಕೋಣೆಯಲ್ಲಿ ಇದ್ದವನು ಒಬ್ಬ ಮುದುಕ. ಬಲು ಪ್ರಾಮಾಣಿಕ. ಮೇಲೆ ಕಂಡರೆ ಮೇಲಿನದು, ಕೆಳಗೆ ಕಂಡರೆ ಕೆಳಗಿನದು, ಒಂದು ನಿಮಿಷ ತಡವಿಲ್ಲ. ಅವನ ಆರು ವರ್ಷದಲ್ಲಿ ಒಂಬತ್ತು ಜನ ಮೈ ಹರಿಸಿಕೊಂಡರು, ಮೂರು ಕರಡಿಗೆ ಗುಂಡು ಬಿತ್ತು. ಆ ಒಂಬತ್ತರಲ್ಲಿ ಕೊನೆಯವನು ನನ್ನ ಅಣ್ಣ.

ಅಣ್ಣ ಮಿಲ್ಲಿನಲ್ಲಿ ದಿಮ್ಮಿಗಳನ್ನು ಗರಗಸಕ್ಕೆ ಕೊಡುವ ಕೆಲಸದಲ್ಲಿದ್ದ. ಸೈರನ್ ಕೂಗಿದಾಗ ನಿಯಮದ ಪ್ರಕಾರ ಮಿಲ್ಲಿನ ಕಚೇರಿಗೆ ಹೋಗಿ ಚಿಲಕ ಹಾಕಿಕೊಂಡಿದ್ದ. ನಾನು ಗುಂಪಿನ ಜೊತೆ ಹೊರಗಿದ್ದೆ. "ಅಣ್ಣಾ, ಬೇಗ ಬಾ, ಎದ್ದು ನಿಂತ್ಕೊಂಡಿದೆ" ಎಂದು ಕಿಟಕಿ ಬಡಿದೆ. ಅವನು ಬಂದ. ಸುತ್ತಲೂ ಜನ ತುಂಬಿದ್ದರಿಂದ ಕರಡಿಗೆ ಓಡಲು ಉಳಿದಿದ್ದ ಸಂದು ಅವನು ತೆರೆದು ನಿಂತ ಬಾಗಿಲ ಪಕ್ಕದ್ದು ಒಂದೇ. ಅಣ್ಣನ ಬಲಗೈ ಈಗಲೂ ಭುಜಕ್ಕೆ ತಗುಲಿಕೊಂಡಿದೆ, ಅಷ್ಟೇ. ಒಂದು ಲೋಟ ಎತ್ತುವುದಿಲ್ಲ. ಕರೆದದ್ದು ನಾನು ಎಂದು ಅತ್ತಿಗೆ ಈವರೆಗೆ ಒಂದು ಮಾತು ಅಂದಿಲ್ಲ. ಅಂದಿದ್ದರೆ ಜಗಳವಾಡಿ ಮುಗಿಸಿಬಿಡಬಹುದಿತ್ತು.

ಮುದುಕ ಕೆಲಸ ಬಿಟ್ಟಾಗ ಇಲಾಖೆಯವರು ಆ ಕುರ್ಚಿಯನ್ನು ಅತ್ತಿಗೆಗೆ ಕೊಟ್ಟರು. ಅಣ್ಣ, ಅತ್ತಿಗೆ, ಶಾಲೆಗೆ ಹೋಗುವ ಎರಡು ಹೆಣ್ಣುಮಕ್ಕಳು, ನಾಲ್ಕು ಹೊಟ್ಟೆಯೂ ಅದೊಂದೇ ಕೆಲಸದ ಮೇಲೆ ನಿಂತಿತು.

ಮೊದಲ ತಿಂಗಳಲ್ಲೇ ಎಡವಟ್ಟು ಶುರುವಾಯಿತು. ಬಸ್ ನಿಲ್ದಾಣದ ಸೈರನ್ ಕೂಗಿತೆಂದು ಊರೆಲ್ಲ ಕೆಳಗೆ ಓಡಿದೆವು. ಹೋಟೆಲಿನ ಎಂಜಲು ಗುಂಡಿಯ ಸುತ್ತ ಮೂಗು ಮುಚ್ಚಿಕೊಂಡು ಒಂದು ಗಂಟೆ ನಿಂತೆವು. ಕರಡಿ ಅಷ್ಟು ಹೊತ್ತಿಗೆ ಮೇಲೆ ಮಿಲ್ಲಿನ ಹಿಂದೆ ಹಣ್ಣು ತಿಂದು ಮುಗಿಸಿ ಹೋಗಿತ್ತು. ಮುಂದಿನ ಸಲವೂ ಹಾಗೇ. ಹೋಗಲಿ, ಕೆಳಗೆ ಕೂಗಿದರೆ ಮೇಲಕ್ಕೆ ಓಡೋಣ ಎಂದು ಲೆಕ್ಕ ಹಾಕೋಣವೆಂದರೆ ಅದಕ್ಕೂ ಆಸ್ಪದವಿರಲಿಲ್ಲ. ನಾಲ್ಕು ಸಲಕ್ಕೊಮ್ಮೆ ಸರಿಯಾದ ತುದಿಯೇ ಕೂಗುತ್ತಿತ್ತು, ಆದರೆ ಕರಡಿ ಹೋಗಿ ಕಾಲು ಗಂಟೆಯಾದ ಮೇಲೆ. ಹೆಜ್ಜೆ ಗುರುತು ಮತ್ತು ಬಿಸಿ ಆರದ ಲದ್ದಿ ಮಾತ್ರ ಸಿಗುತ್ತಿತ್ತು. ಬೇಕರಿಯವನು ಲದ್ದಿಯದೇ ಫೋಟೋ ತೆಗೆದುಕೊಂಡ. ಊರು ಅವಳಿಗೆ ಉಲ್ಟಾ ಅಕ್ಕ ಎಂದು ಹೆಸರಿಟ್ಟಿತು. ಬೀದಿಯಲ್ಲಿ ಹೋಗುವಾಗ "ಅಕ್ಕ, ಮನೆ ಈ ಕಡೆ" ಎಂದು ಕೂಗುವವರು. ಅವಳು ತಲೆ ತಗ್ಗಿಸಿ ನಡೆಯುತ್ತಿದ್ದಳು. ಸ್ವಲ್ಪವಾದರೂ ನಾಚಿಕೆ ಇದೆಯಲ್ಲ ಎಂದುಕೊಂಡೆ.

ನನ್ನ ಹೆಂಡತಿಯದು ಇನ್ನೊಂದು ಪೀಡೆ. ಅವಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಗುಂಡಿ ಹೊಲಿಯುತ್ತಾಳೆ. ಆಗೊಮ್ಮೆ ಈಗೊಮ್ಮೆ ಫೋನು ಬರುತ್ತಿತ್ತು. ನಾನು ಎತ್ತಿದರೆ ಆ ಕಡೆಯಿಂದ ಮಾತಿಲ್ಲ, ಕಟ್. ಅವಳು ಎತ್ತಿದರೆ "ಆಯ್ತಕ್ಕ" ಎಂದು ಇಡುವಳು. ಹೋಗಿ ಕಸದ ಡಬ್ಬಿ ಒಳಗೆ ತರುವಳು, ಹಿತ್ತಿಲ ಬಾಗಿಲಿಗೆ ಅಗಣಿ ಹಾಕುವಳು. ಆ ಹೊತ್ತಿಗೆ ನಾನೇನಾದರೂ ಮೇಲಿನ ಬೀದಿಗೆ ಹೊರಟಿದ್ದರೆ ಮುಗಿಯಿತು.

"ರೀ, ಈ ಕಾಲರ್ ಸೊಟ್ಟಗೆ ಕೂತಿದೆ. ಬಿಚ್ಚಿ ಇನ್ನೊಂದ್ಸಲ ಹಾಕಿ."

"ನೆಟ್ಟಗಿದೆಯಲ್ಲೇ."

"ನಿಮ್ಮ ಕಣ್ಣಿಗೆ ನೆಟ್ಟಗಿದೆ."

ನಾನು ಶಪಿಸಿಕೊಂಡು ಬಿಚ್ಚಲು ಕೂರುತ್ತಿದ್ದೆ. ಅಷ್ಟರಲ್ಲಿ ಸೈರನ್ ಕೂಗುತ್ತಿತ್ತು, ಉಲ್ಟಾ ತುದಿಯಲ್ಲಿ.

ಈ ವರ್ಷ ಬೇಕರಿಯವನು ನನ್ನ ಅಂಗಡಿಗೆ ಬಂದು ಕೂತ. "ನಾಲ್ಕು ವರ್ಷ ಆಯ್ತು ಮಾರಾಯ, ಒಂದು ಕರಡಿ ಮುಖ ನೋಡಿಲ್ಲ. ನಿಮ್ಮ ಅತ್ತಿಗೆ ಅಂತ ಸುಮ್ನಿದ್ದೀವಿ. ಯಾರಾದ್ರೂ ಸತ್ರೆ ಯಾರು ಜವಾಬ್ದಾರಿ?" ನನ್ನ ಅಕ್ಷರ ಚೆನ್ನಾಗಿದೆ, ಊರಿನ ಅರ್ಜಿಗಳನ್ನೆಲ್ಲ ನಾನೇ ಬರೆಯುವುದು. ಜೀವಹಾನಿಯ ಸಂಭವ, ಸಾರ್ವಜನಿಕರ ಕ್ಷೇಮ, ಕೂಡಲೇ ಬದಲಾಯಿಸಬೇಕು, ಎಲ್ಲ ಬರೆದೆ. ನಾಲ್ಕು ವರ್ಷದಲ್ಲಿ ಒಬ್ಬನಿಗೂ ಒಂದು ಗೀರು ಗಾಯವಾಗಿಲ್ಲ ಎನ್ನುವುದು ಅರವತ್ತೆರಡು ಸಹಿದಾರರಲ್ಲಿ ಒಬ್ಬನ ತಲೆಗೂ ಹೊಳೆಯಲಿಲ್ಲ. ಮೊದಲ ಸಹಿ ನನ್ನದು. ಮನೆಯವನೇ ಹಾಕಿದರೆ ತೂಕ ಬರುತ್ತದೆ ಎಂದು ಬೇಕರಿಯವನು ಹೇಳಿದ್ದ.

ಅಣ್ಣ ನನ್ನನ್ನು ಕರೆಸಿ ಕೇಳಿದ. "ಈ ಕೆಲಸ ಹೋದ್ರೆ ನಾವು ನಾಲ್ಕು ಜನ ಏನು ಮಾಡೋದು ಅಂತ ಯೋಚನೆ ಮಾಡಿದ್ಯೇನೋ?"

"ಊರಿನ ಕ್ಷೇಮ ಮುಖ್ಯ ಅಲ್ವಾ ಅಣ್ಣ" ಎಂದೆ. ಹೌದು, ಅವನ ಆ ಕೈ ನೋಡಿಕೊಂಡೇ ಹೇಳಿದೆ.

ಇಲಾಖೆಯ ಅಧಿಕಾರಿ ಶಾಲೆಯಲ್ಲಿ ವಿಚಾರಣೆ ಇಟ್ಟರು. ಊರೆಲ್ಲ ಬೆಂಚುಗಳ ಮೇಲೆ ಕೂತಿತ್ತು. ಅತ್ತಿಗೆಯನ್ನು ಎದುರಿಗೆ ನಿಲ್ಲಿಸಿ ಕೇಳಿದರು: "ಯಾವ ಸ್ವಿಚ್ಚು ಯಾವ ತುದಿಗೆ ಅಂತ ನಿಮಗೆ ಗೊತ್ತಾಗುತ್ತೇನಮ್ಮಾ?"

ಅವಳು ನಮ್ಮೆಲ್ಲರ ಮೇಲೆ ಒಂದು ಸಲ ಕಣ್ಣು ಹಾಯಿಸಿದಳು. ನಾನು ಮುಂದಿನ ಬೆಂಚಿನಲ್ಲಿದ್ದೆ. "ಒಂದೊಂದ್ಸಲ ತಲೆ ಕೆಡುತ್ತೆ ಸಾರ್" ಎಂದಳು.

"ನಾಲ್ಕು ವರ್ಷ ಆದ್ರೂ?"

"ಹೂಂ ಸಾರ್."

ಜನ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಒಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳುವಷ್ಟಾದರೂ ಬುದ್ಧಿ ಬೇಡವೇ? ಅಧಿಕಾರಿ ಅವಳನ್ನು ಒಂದು ತಿಂಗಳು ಮನೆಯಲ್ಲಿರಲು ಹೇಳಿ, ಅಲ್ಲಿಯವರೆಗೆ ಅರ್ಜಿ ಬರೆದ ನಾನೇ ಕೂರಬೇಕೆಂದರು. ತಿಂಗಳಾದ ಮೇಲೆ ಕೆಲಸ ಯಾರಿಗೆಂದು ತೀರ್ಮಾನ.

ಕೀಲಿಕೈ ಕೊಡುವಾಗ ಅತ್ತಿಗೆ ಒಂದೇ ಮಾತು ಹೇಳಿದಳು. "ಕೋಟು ಮೊಳೆಗೆ ಹಾಕ್ಬೇಡ, ಮೊಳೆ ಗಟ್ಟಿ ಇಲ್ಲ. ಕಪಾಟಿನೊಳಗೆ ಹಾಕು." ಕೆಲಸ ಹೋಗುತ್ತಿರುವಾಗಲೂ ಇವಳಿಗೆ ಮೊಳೆಯದೇ ಚಿಂತೆ ಎಂದುಕೊಂಡೆ. ಅವಳ ಮಾತು ಕೇಳುವ ಪೈಕಿ ನಾನಲ್ಲ. ಮೊಳೆಗೇ ಹಾಕಿದೆ. ಎರಡು ದಿನ ನಿಂತಿತು. ಮೂರನೆಯ ದಿನ ಮಧ್ಯಾಹ್ನ ಮೊಳೆ ಕಿತ್ತು ಬಂದು ಕೋಟು ನೆಲಕ್ಕೆ ಬಿತ್ತು. ಬೈದುಕೊಂಡು ಕಪಾಟಿನ ಬಾಗಿಲು ತೆಗೆದೆ.

ಬಾಗಿಲ ಒಳಮೈಗೆ ಒಂದು ಹಾಳೆ ಅಂಟಿಸಿತ್ತು. ಅತ್ತಿಗೆಯ ಗುಂಡಗಿನ ಅಕ್ಷರ. ಮೇಲೆ ಹೀಗೆ ಬರೆದಿತ್ತು: "ಮೊದಲು ಇವರಿಗೆ ಫೋನು. ಕರಡಿ ಎಲ್ಲಿದೆ ಎಂದು ನಿಜ ಹೇಳುವುದು. ಒಳಗೆ ಹೋಗುತ್ತಾರೆ. ಆಮೇಲೆ ಇನ್ನೊಂದು ತುದಿಯ ಸೈರನ್. ಮಿಕ್ಕವರು ಅಲ್ಲಿಗೆ ಓಡುತ್ತಾರೆ."

ಕೆಳಗೆ ಹನ್ನೊಂದು ಮನೆ, ಹನ್ನೊಂದು ನಂಬರು. ಮೊದಲನೆಯದು ಅವಳದೇ ಮನೆ. ಆಮೇಲೆ ಮಿಲ್ಲಿನ ಗುಮಾಸ್ತ, ಶಾಲೆಯ ಆಯಾ, ಹಾಲಿನಾಕೆ, ಚಪ್ಪಲಿ ಹೊಲಿಯುವವನು. ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂರಲು ನಾನು ಬಿಡದ ಕುಡುಕ ತಾತ ಕೂಡ ಇದ್ದ, ಆರನೆಯವನಾಗಿ. ನಾನು ನನ್ನನ್ನು ಹುಡುಕಿದೆ. ಒಂಬತ್ತನೆಯ ಸಾಲಿನಲ್ಲಿ "ದರ್ಜಿ" ಎಂದು ಕಂಡಿತು. ಸದ್ಯ ಎಂದುಕೊಂಡು ಪೂರ್ತಿ ಓದಿದೆ: "ದರ್ಜಿಯ ಹೆಂಡತಿ. ಅವನು ಎತ್ತಿದರೆ ಮಾತಾಡದೆ ಇಟ್ಟುಬಿಡುವುದು."

ಕಪಾಟಿನೊಳಗೆ ಒಂದು ಪುಸ್ತಕ. ಪುಟದಿಂದ ಪುಟಕ್ಕೆ ಒಂದೇ ಮಾತು: ಕರಡಿ ಮೇಲೆ, ಸೈರನ್ ಕೆಳಗೆ, ಗಾಯ ಇಲ್ಲ. ಕರಡಿ ಕೆಳಗೆ, ಸೈರನ್ ಮೇಲೆ, ಗಾಯ ಇಲ್ಲ. ನಾಲ್ಕು ಸಾಲಿಗೊಮ್ಮೆ ಮಾತ್ರ: ಕರಡಿ ಹೋದ ಮೇಲೆ ಅದೇ ತುದಿಗೆ ಸೈರನ್, ಯಾರೂ ಲೆಕ್ಕ ಹಿಡಿಯದಿರಲಿ ಎಂದು.

ನನಗೆ ಮೊದಲು ಬಂದದ್ದು ಸಿಟ್ಟು. ಊರಿಗೆ ಊರನ್ನೇ ಕುರಿ ಮಾಡಿದ್ದಾಳೆ, ನನ್ನನ್ನೂ ಸೇರಿಸಿ. ಬೇಕರಿಯವನಿಗೆ ಹೇಳಿಬಿಡೋಣ ಎಂದು ಫೋನು ಎತ್ತಿದೆ. ನಂಬರು ತಿರುಗಿಸುತ್ತಲೇ ಕಿಟಕಿಯಾಚೆ ನೋಡಿದರೆ ಮೇಲೆ ಮಿಲ್ಲಿನ ಹಿಂದಿನ ಬೇಲಿ ಅಲುಗಿತು. ದುರ್ಬೀನು ಕಣ್ಣಿಗಿಟ್ಟೆ. ತಾಯಿ ಕರಡಿ, ಜೊತೆಗೆ ಮರಿ. ಮರಿಯಿರುವ ಕರಡಿಯ ದಾರಿಗೆ ಅಡ್ಡ ನಿಂತರೆ ಏನಾಗುತ್ತದೆ ಎಂದು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಲ್ಲಿಂದ ನಾಲ್ಕು ಮನೆ ಈಚೆಗೆ ಅಣ್ಣ ಹೊಸ್ತಿಲ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದ, ಸತ್ತ ಕೈಯನ್ನು ತೊಡೆಯ ಮೇಲಿಟ್ಟುಕೊಂಡು.

ಮೇಲಿನ ಸ್ವಿಚ್ಚಿನ ಮೇಲೆ ಬೆರಳಿಟ್ಟೆ. ನಿಯಮ ಅದೇ. ಒತ್ತಿದರೆ ಎರಡೇ ನಿಮಿಷದಲ್ಲಿ ಅರವತ್ತು ಜನ ಆ ಬೇಲಿಯ ಮುಂದೆ ಇರುತ್ತಾರೆ, ಯಾವನೋ ಒಬ್ಬ ಅಣ್ಣನ ಕಿಟಕಿ ಬಡಿಯುತ್ತಾನೆ. ಆ ಒಬ್ಬ ಎಂಥವನು ಎಂದು ನನಗೆ ಗೊತ್ತು. ನಾನು ಬೆರಳು ತೆಗೆದೆ. ಅರ್ಧ ತಿರುಗಿಸಿದ್ದ ನಂಬರನ್ನು ಕತ್ತರಿಸಿ ಪಟ್ಟಿಯ ಮೊದಲ ನಂಬರಿಗೆ ಹಾಕಿದೆ. ಅತ್ತಿಗೆ ಎತ್ತಿದಳು.

"ಮೇಲೆ ಬಂದಿದೆ. ಮರಿ ಇದೆ. ಅಣ್ಣನ್ನ ಒಳಗೆ ಕರ್ಕೊಳ್ಳಿ."

"ಸರಿ" ಎಂದು ಇಟ್ಟಳು. ದುರ್ಬೀನಿನಲ್ಲಿ ಅಣ್ಣ ಎದ್ದು ಒಳಗೆ ಹೋದದ್ದು ಕಂಡಿತು, ಬಾಗಿಲು ಮುಚ್ಚಿತು. ಗುಮಾಸ್ತ, ಆಯಾ, ಹಾಲಿನಾಕೆ, ಕುಡುಕ ತಾತ, ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಒಂಬತ್ತನೆಯದು ನನ್ನ ಅಂಗಡಿ. ಹೆಂಡತಿ ಎತ್ತಿ ನನ್ನ ದನಿ ಗುರುತಿಸಿದಳು.

"ಕಪಾಟು ತೆಗೆದ್ರಾ?" ಎಂದಳು.

"ಹೂಂ."

"ಹಾಗಿದ್ರೆ ಕೆಳಗಿಂದು ಒತ್ತಿ. ಬೇಕರಿಯವರು ಆಗ್ಲೇ ಬೀದಿಗೆ ಬಂದಿದ್ದಾರೆ."

ಉಳಿದ ಎರಡು ಮನೆಗೂ ಹೇಳಿ ಕೆಳಗಿನದನ್ನು ಒತ್ತಿದೆ. ನಮ್ಮೂರು ಓಡುವುದನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು. ಬೇಕರಿಯವನು ಎಲ್ಲರಿಗಿಂತ ಮುಂದೆ, ಏಪ್ರನ್ ಹಾರಿಸಿಕೊಂಡು. ಅವನ ಬಲಕ್ಕೆ ಒಬ್ಬನಷ್ಟು ಜಾಗ ಖಾಲಿಯಿತ್ತು. ಅಲ್ಲಿ ದಿನಾ ಓಡುತ್ತಿದ್ದವನು ನಾನು. ಮೇಲೆ ತಾಯಿ ಕರಡಿ ಇಪ್ಪತ್ತೈದು ನಿಮಿಷ ಹಣ್ಣು ತಿಂದಿತು, ಮರಿಗೂ ಬೀಳಿಸಿ ಕೊಟ್ಟಿತು, ಬಂದ ಬೇಲಿಯಲ್ಲೇ ನುಸುಳಿ ಹೋಯಿತು. ನಾನು ಪುಸ್ತಕದಲ್ಲಿ ಬರೆದೆ: ಗಾಯ ಇಲ್ಲ.

ಆ ತಿಂಗಳಲ್ಲಿ ಇನ್ನೂ ನಾಲ್ಕು ಸಲ ಕರಡಿ ಬಂತು. ನಾಲ್ಕೂ ಸಲ ಉಲ್ಟಾ ಒತ್ತಿದೆ. ಸರಿಯಾಗಿ ಒಂದೂ ಒತ್ತಲಿಲ್ಲ, ಬೇಕೆಂದೇ. ಈ ವಂಶಕ್ಕೇ ದಿಕ್ಕು ತಿಳಿಯುವುದಿಲ್ಲ ಎಂದು ಜನ ನನ್ನ ಅಂಗಡಿಯ ಮುಂದೆ ನಿಂತು ಆಡಿಕೊಂಡರು. ಬೇಕರಿಯವನು ಪ್ಯಾಂಟಿನ ಅಳತೆ ಕೊಡುವಾಗ "ಕಾಲು ಕೆಳಗಿದೆ ಮಾರಾಯ, ಮೇಲೆ ಹುಡುಕ್ಬೇಡ" ಎಂದ. ಅಧಿಕಾರಿ ಮತ್ತೆ ಬಂದಾಗ ಅವನೇ ಎದ್ದು ನಿಂತು ಹೇಳಿದ: "ಇವನಿಗಿಂತ ಆ ಅಕ್ಕನೇ ವಾಸಿ ಸಾರ್. ನಾಲ್ಕಕ್ಕೊಂದಾದ್ರೂ ಸರಿ ಇರ್ತಿತ್ತು." ಅರವತ್ತೊಂದು ತಲೆ ಹೌದೆಂದು ಆಡಿದವು. ಕುರ್ಚಿ ಅತ್ತಿಗೆಗೆ ವಾಪಸು ಹೋಯಿತು.

ಕೀಲಿಕೈ ಕೊಡಲು ನಾನೇ ಅವಳ ಜೊತೆ ಮೆಟ್ಟಿಲು ಹತ್ತಿದೆ. ಅವಳು ದುರ್ಬೀನನ್ನು ಒರೆಸಿದಳು, ನಾನು ಬರೆದಿದ್ದ ಐದು ಸಾಲು ಓದಿದಳು, ಮೊಳೆ ಕಿತ್ತ ತೂತನ್ನು ಬೆರಳಿನಿಂದ ಸವರಿದಳು. ಕಪಾಟಿನ ಬಾಗಿಲು ತೆರೆದೇ ಇತ್ತು.

"ಅತ್ತಿಗೆ, ಆ ಪಟ್ಟೀಲಿ ನನ್ನ ಹೆಸರೂ ಸೇರಿಸ್ತೀರಾ?" ಎಂದೆ.

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ನಾನು ಗಿರಾಕಿಗಳನ್ನು ನೋಡುವ ಹಾಗೆ.

"ನೋಡೋಣ" ಎಂದಳು. "ಇನ್ನೊಂದು ನಾಲ್ಕು ಕರಡಿ ಬಂದು ಹೋಗ್ಲಿ."