ಬಣ್ಣದವನು ಎಳೆದ ನೀರಿನ ಗೆರೆ

ನಮ್ಮ ಬೀದಿಯ ಪೇಂಟರ್ ಯಾರನ್ನೂ ನಂಬಿದವನಲ್ಲ. ಬಣ್ಣದ ಡಬ್ಬಿ ಮುಚ್ಚುವ ಮೊದಲು ಒಳಗೆಷ್ಟಿದೆ ಎಂದು ಹೊರಮೈಗೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದ. ಒಳಗಿನ ತೇವ ಮುಚ್ಚಲು ಬಣ್ಣ ಹೊಡೆಸುವ ಮನೆ ಮಾಲೀಕರನ್ನು ಕಂಡು ಕಂಡು ಹೀಗಾದ ಎನ್ನುತ್ತಾಳೆ ಅವನ ಹೆಂಡತಿ. ನಾನು ಒಪ್ಪುವುದಿಲ್ಲ. ಶಾಲೆಯಲ್ಲಿ ನನ್ನ ಕೈಕೆಳಗೆ ಕಲಿಯುವಾಗಲೂ ಅವನು ಸ್ಲೇಟಿಗೆ ಕೈ ಅಡ್ಡ ಇಟ್ಟುಕೊಂಡೇ ಬರೆಯುತ್ತಿದ್ದ.

ಹೊಳೆ ಉಕ್ಕಿ ಬೀದಿಗೆ ನುಗ್ಗಿದಾಗ ಅವನ ಮನೆಯ ಹಿಂಗೋಡೆ ಬಿರುಕು ಬಿಟ್ಟು ವಾಲಿತು. ನೀರಿಳಿದ ಮೂರನೆಯ ದಿನವೇ ಅವನು ಮುಂಗೋಡೆಯನ್ನು ತಿಕ್ಕಿ ತೊಳೆದು ಸುಣ್ಣ ಬಳಿದ. ಪೇಂಟರನ ಮನೆಯೇ ಕೊಳಕಾಗಿದ್ದರೆ ಕೆಲಸ ಕೊಡುವವರು ಯಾರು? ನಾಲ್ಕನೆಯ ದಿನ ಸರ್ಕಾರ ತುರ್ತು ಪರಿಹಾರ ಘೋಷಿಸಿತು. ನೀರು ನಿಂತ ಗೆರೆ ಗೋಡೆಯ ಮೇಲೆ ಎರಡು ಅಡಿ ದಾಟಿದ್ದರೆ ಮಾತ್ರ ಮನೆ ರಿಪೇರಿಗೆ ಹಣ.

"ಎರಡು ದಿನ ಸುಮ್ನೆ ಕೂತಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು ಹೆಂಡತಿ.

"ಗೆರೆ ತಾನೆ ಬೇಕು? ಎಳೀತೀನಿ."

ಟೀ ಡಿಕಾಕ್ಷನ್ನಿಗೆ ಇಟ್ಟಿಗೆ ಪುಡಿ ಕಲಸಿ, ಮೂರು ಅಡಿ ಎತ್ತರಕ್ಕೆ ಗೆರೆ ಎಳೆದ.

"ಅಷ್ಟು ನೀರು ಬಂದಿರ್ಲಿಲ್ಲ ಕಣ್ರೀ."

"ಅಳೆಯೋಕೆ ಬರೋರು ಒಂದಿಷ್ಟು ಕತ್ತರಿಸಿಯೇ ಬರೆಯೋದು. ನಾವು ಮುಂಚೇನೇ ಏರಿಸಿಟ್ಕೋಬೇಕು. ನಿನಗೆ ಲೋಕ ಗೊತ್ತಿಲ್ಲ."

ಅಳೆಯಲು ಬಂದವಳು ಎಳೆವಯಸ್ಸಿನ ಇಂಜಿನಿಯರ್. ಮೂರು ಅಡಿ ಎಂದೇ ಬರೆದುಕೊಂಡಳು, ಏನನ್ನೂ ಕತ್ತರಿಸಲಿಲ್ಲ. ಸಲೀಸಾಗಿ ಆದ ಕೆಲಸವನ್ನು ಅವನು ನಂಬುವುದುಂಟೆ? ತನ್ನ ಮೇಲೆ ಅನುಮಾನ ಬರುವ ಮೊದಲೇ ಎದುರುಮನೆಯ ದರ್ಜಿ ಅಕ್ಕನ ಗೋಡೆಯತ್ತ ಬೆರಳು ತೋರಿಸಿದ.

"ಮೇಡಂ, ಆ ಗೆರೆ ನೋಡಿ, ಅಂಕುಡೊಂಕು. ಕೈಯಲ್ಲಿ ಎಳೆದಿದ್ದು. ನನ್ನ ಕಸುಬು, ನನಗೆ ಗೊತ್ತಾಗಲ್ವಾ?"

ಕೆಸರು ಮೆತ್ತಿದ ಹೊಲಿಗೆ ಮಿಷನ್ ಒರೆಸುತ್ತಿದ್ದ ಅಕ್ಕ ಬಟ್ಟೆ ಎಸೆದು ಹೊರಗೆ ಬಂದಳು. "ನಾನು ಎಳೆದಿದ್ರೆ ಸ್ಕೇಲ್ ಇಟ್ಟು ನೆಟ್ಟಗೆ ಎಳೀತಿದ್ದೆ ಕಣೋ! ಅಳೀರಿ ಮೇಡಂ."

ಗಾರೆಯವರು ಮಟ್ಟ ನೋಡುವ, ನೀರು ತುಂಬಿದ ಪ್ಲಾಸ್ಟಿಕ್ ಪೈಪನ್ನು ಇಂಜಿನಿಯರ್ ತರಿಸಿದಳು. ಒಂದು ತುದಿ ಅಕ್ಕನ ಗೆರೆಗೆ, ಇನ್ನೊಂದು ಪೇಂಟರನ ಗೋಡೆಗೆ. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲಬೇಕು. ಪೈಪಿನ ನೀರು ಅವನ ಗೆರೆಗಿಂತ ಒಂಬತ್ತು ಅಂಗುಲ ಕೆಳಗೆ ನಿಂತಿತು. ಪಕ್ಕದ ಎರಡು ಮನೆಗಳ ಗೆರೆಗೂ ಹಿಡಿದಳು. ಅವೂ ಅಕ್ಕನ ಗೆರೆಗೇ ಸರಿಹೋದವು. ಬೆರಳು ಒದ್ದೆ ಮಾಡಿ ಅವನ ಗೆರೆಯನ್ನು ಉಜ್ಜಿದಳು. ಟೀ ಬಣ್ಣ ಅಂಟಿತು.

"ಇದ್ದದ್ದು ಎರಡು ಅಡಿ ಮೂರು ಅಂಗುಲ. ನಿಜ ಹೇಳಿದ್ರೂ ಹಣ ಸಿಗ್ತಿತ್ತಲ್ರೀ," ಎಂದು ಅರ್ಜಿ ತಿರಸ್ಕರಿಸಲು ಪೆನ್ನು ತೆಗೆದಳು.

ಪೇಂಟರನ ಹೆಂಡತಿ ಹಿಂಗೋಡೆಯ ಕಡೆ ನೋಡಿದಳು.

"ತನ್ನ ತಟ್ಟೇಲಿ ಹೆಗ್ಗಣ ಬಿದ್ದಿದ್ರೂ ನನ್ನ ತಟ್ಟೇಲಿ ನೊಣ ಹುಡುಕ್ತಾನೆ," ಎಂದಳು ಅಕ್ಕ. "ಇರ್ಲಿ, ನನ್ನ ಗೆರೆ ಹಿಡಿದು ಇವನದ್ದೂ ಬರ್ಕೊಳ್ಳಿ ಮೇಡಂ. ನೀರೇನು ಇವನ ಮುಖ ನೋಡಿ ವಾಪಸ್ ಹೋಯ್ತಾ? ಸಾಕ್ಷಿಗೆ ನಾನು ರುಜು ಹಾಕ್ತೀನಿ."

ಹಾಕಿದಳು. ಒಂದು ತಿಂಗಳು ತಡವಾಗಿ ಹಣ ಬಂತು, ಹಿಂಗೋಡೆ ಎದ್ದಿತು. ಅದಕ್ಕೆ ಬಣ್ಣ ಹೊಡೆಯುತ್ತಿದ್ದವನು ನನ್ನನ್ನು ಕಂಡು ಏಣಿಯಿಂದ ಇಳಿದು ಹತ್ತಿರ ಬಂದ.

"ಟೀಚರ್, ಅವಳು ಯಾಕೆ ರುಜು ಹಾಕಿದ್ಲು? ಸುಮ್ಸುಮ್ನೆ ಯಾರಾದ್ರೂ ಹಾಕ್ತಾರಾ?"