ಉಪ್ಪುನೀರಿನ ಹುಲ್ಲು, ಮಂಗಳವಾರದ ಗಣಪ

ಹುಲ್ಲನ್ನು ನಾನು ಹುಲ್ಲೆಂದೇ ನೋಡಿ ಬೆಳೆದವನು. ಕೊಡಿಗೇಹಳ್ಳಿಯಲ್ಲಿ ನಮಗೆ ಹೊಲವಿದ್ದ ಕಾಲದಲ್ಲಿ ಅದಕ್ಕೆ ಎರಡೇ ಜಾತಿ: ಹಸು ತಿನ್ನುವುದು, ತಿನ್ನದಿರುವುದು. ಹುಲ್ಲಿನ ಮೇಲೆಯೇ ಎಂ.ಎಸ್ಸಿ. ಮಾಡುತ್ತಿರುವ ಮಗಳು ಮೇಘನಾ ಈ ವಿಂಗಡಣೆಯನ್ನು ಒಪ್ಪುವುದಿಲ್ಲ.

ಕುಂದಾಪುರದ ಕಡೆಯಿಂದ, ಸಮುದ್ರದ ನೀರು ಏರಿ ಇಳಿಯುವ ಜೌಗಿನಿಂದ, ಅವಳೊಂದು ಹುಲ್ಲು ತಂದು ತಾರಸಿಯ ಕುಂಡದಲ್ಲಿ ನೆಟ್ಟಿದ್ದಳು. ನೋಡಲು ಥೇಟ್ ಗರಿಕೆ. ಉಪ್ಪುನೀರಿನಲ್ಲಿ ವರ್ಷವರ್ಷವೂ ಚಿಗುರುವ ಹುಲ್ಲೇ, ಇಲ್ಲ ಜಕ್ಕೂರು ಕೆರೆಯಂಚಿನಲ್ಲೂ ಬೆಳೆಯುವ ಅದರ ಸಿಹಿನೀರಿನ ದಾಯಾದಿಯೇ ಎಂಬುದು ಎಲೆ ನೋಡಿದರೆ ತಿಳಿಯದಂತೆ. ತೆನೆ ಬರಬೇಕು, ಅದರ ಕಾಳಿನ ಮೇಲೆ ರೋಮವಿದ್ದರೆ ಸಿಹಿನೀರಿನದು, ನುಣ್ಣಗಿದ್ದರೆ ಸಮುದ್ರದ್ದು. ಬಿಪಿಯಿಂದಾಗಿ ಮನೆಯಲ್ಲಿ ನನಗೆ ಉಪ್ಪು ಬಂದ್. ಹುಲ್ಲಿಗೆ ಮಾತ್ರ ದಿನಾ ನನ್ನ ಕೈಯಿಂದಲೇ ಉಪ್ಪುನೀರು.

ಕೊನೆಗೊಂದು ಸಂಜೆ ಒಂದೇ ಒಂದು ತೆನೆ ಇಣುಕಿತು. ಮಾರನೆಯ ದಿನವೇ ಕಾಲೇಜಿನಲ್ಲಿ ಅದನ್ನು ತೋರಿಸಿ ಹೆಸರು ಹೇಳಬೇಕಿತ್ತು. ತಪ್ಪಿದರೆ ಅವಳ ಓದು ಮುಂದಿನ ವರ್ಷಕ್ಕೆ. ಬೆಳಿಗ್ಗೆ ಹೋಗಿ ನೋಡಿದರೆ ಕುಂಡದಲ್ಲಿ ತೆನೆಯಿಲ್ಲ.

ಅಂದು ಮಂಗಳವಾರ. ನನ್ನ ಹೆಂಡತಿ ಶಾರದೆ ಗರಿಕೆಯೆಂದು ಅದನ್ನು ಕಿತ್ತು ಗಣಪನ ಮುಡಿಗೇರಿಸಿದ್ದಳು. ಮೇಘನಾ ಬಿಳುಚಿಕೊಂಡು ದೇವರಮನೆಯ ಹೊಸಿಲಲ್ಲಿ ನಿಂತಳು.

"ಅಮ್ಮಾ, ಅದು ಗರಿಕೆ ಅಲ್ಲಮ್ಮ. ಕೊಡಮ್ಮ, ಕಾಲೇಜಿಗೆ ತಗೊಂಡ್ ಹೋಗ್ಬೇಕು."

"ಏರಿಸಿದ್ದನ್ನ ವಾಪಸ್ ಕಿತ್ಕೊಳ್ಳೋಕಾಗತ್ತೇನೇ? ನಾಳೆ ತಗೋ."

"ನಾಳೆ ಇಟ್ಕೊಂಡು ಏನ್ ಮಾಡ್ಲಿ?"

ದೇವರಿಗೂ ವಿಜ್ಞಾನಕ್ಕೂ ಜಗಳವಾದರೆ ಏನು ಮಾಡಬೇಕೆಂದು ದೊಡ್ಡದೊಡ್ಡವರು ಬರೆದಿದ್ದಾರಂತೆ. ಹೆಂಡತಿಗೂ ಮಗಳಿಗೂ ಆದರೆ ಏನು ಮಾಡಬೇಕೆಂದು ಯಾರೂ ಬರೆದಂತಿಲ್ಲ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಭಯ ಅದಕ್ಕಿಂತ ಹೆಚ್ಚು. ಬಸ್ಸಿಗೆ ಹೊತ್ತಾಗುತ್ತಿತ್ತು.

ನಮ್ಮಲ್ಲಿ ದೇವರ ಬಲಗಡೆಯಿಂದ ಹೂವು ತಾನಾಗಿ ಬಿದ್ದರೆ ಅದು ವರ, ಪ್ರಸಾದ, ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳಬಹುದು. ಮೂವರೂ ಗಣಪನನ್ನೇ ನೋಡುತ್ತಿದ್ದೆವು. ಫ್ಯಾನು ಹಾಕಿದರೆ ಹೇಗೆ ಎಂದೂ ನಾನು ಯೋಚಿಸಿದೆ. ತೆನೆ ಅಲುಗಲಿಲ್ಲ. ಮಗಳ ಕಣ್ಣು ತುಂಬಿತು. ಅದನ್ನು ಕಂಡ ಶಾರದೆ ದೀಪದ ಬತ್ತಿ ಸರಿಮಾಡಲು ಬಗ್ಗಿದಳು. ತೆನೆ ಬಲಗಡೆಗೆ ಬಿತ್ತು.

"ಕೊಟ್ಬಿಟ್ಟ ನೋಡು," ಎಂದಳು. "ಕಣ್ಣಿಗೊತ್ಕೊಂಡು ತಗೋ."

ಮೇಘನಾ ಭೂತಗನ್ನಡಿ ಹಿಡಿದಳು. ಕುಂಕುಮ ಅಂಟಿದ ಕಾಳುಗಳನ್ನು ಬಿಟ್ಟು ಒಂದು ನೋಡಿದಳು, ಇನ್ನೊಂದು ನೋಡಿದಳು.

"ನುಣ್ಣಗಿದೆ ಅಪ್ಪಾ. ಸಮುದ್ರದ್ದೇ," ಎಂದವಳೇ ಅಮ್ಮನನ್ನು ತಬ್ಬಿ, ತೆನೆಯನ್ನು ಕಾಗದದಲ್ಲಿ ಸುತ್ತಿಕೊಂಡು ಬಸ್ಸಿಗೆ ಓಡಿದಳು.

ಬತ್ತಿ ಮೊದಲೇ ಚೆನ್ನಾಗಿ ಉರಿಯುತ್ತಿತ್ತು. ಶಾರದೆಯ ಮೊಣಕೈ ಮೂರ್ತಿಗೆ ತಗುಲಿದ್ದನ್ನು ನಾನು ನೋಡಿದೆ. ಗಣಪನೂ ನೋಡಿರಬೇಕು. ನಾವಿಬ್ಬರೂ ಈವರೆಗೆ ಬಾಯಿ ಬಿಟ್ಟಿಲ್ಲ.