ಅವರದ್ದಾದ ಮೇಲೆ ನನ್ನದು

ಅಣ್ಣ ಉಣ್ಣದೆ ಅತ್ತಿಗೆ ಉಂಡವಳಲ್ಲ. ಭದ್ರಾವತಿಯ ಜನ್ನಾಪುರದ ಮನೆಯಲ್ಲಿ, ಅವನು ಫ್ಯಾಕ್ಟರಿಯಿಂದ ಎಷ್ಟು ತಡವಾಗಿ ಬಂದರೂ ಕಾಯುತ್ತಿದ್ದಳು. ಸಕ್ಕರೆ ಕಾಯಿಲೆ ಬಂದ ಮೇಲೂ ಬಿಡಲಿಲ್ಲ. ಅವಳು ನನ್ನ ಓರಗೆಯವಳು, ನಮ್ಮಿಬ್ಬರದು ಏಕವಚನ. ಇದೆಲ್ಲ ಬರೀ ಹಟ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಯೂ ಇದ್ದೆ.

ಕಳೆದ ವರ್ಷ ಅಣ್ಣನ ಮೇದೋಜೀರಕ ಗ್ರಂಥಿ ಊದಿಕೊಂಡು, ಹೊಟ್ಟೆನೋವು ತಾಳಲಾರದೆ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ಎರಡನೆಯ ದಿನ ಡಾಕ್ಟರು ಮೂಗಿನಿಂದ ಸಣ್ಣ ಕರುಳಿನವರೆಗೆ ನಳಿಕೆ ಇಳಿಸಿದರು.

"ಕರುಳು ಖಾಲಿ ಬಿಟ್ರೆ ಅದರ ಒಳಪದರ ಸೊರಗುತ್ತೆ, ಅಲ್ಲಿರೋ ಕ್ರಿಮಿ ರಕ್ತಕ್ಕೆ ಸೇರುತ್ತೆ. ಸ್ವಲ್ಪಸ್ವಲ್ಪ ಆಹಾರ ಹೋಗ್ತಾ ಇರ್ಲಿ" ಎಂದರು. ಹಾಲಿನಂಥ ದ್ರವ ಚೀಲದಿಂದ ಹಗಲೂ ರಾತ್ರಿ ಹನಿಯತೊಡಗಿತು.

ಆ ನಳಿಕೆ ನೋಡಿದ ಅತ್ತಿಗೆ ಮತ್ತೆ ಐಸಿಯು ಒಳಗೆ ಕಾಲಿಡಲಿಲ್ಲ. ಹೊರಗಿನ ಬೆಂಚಿನಲ್ಲಿ ಊಟದ ಡಬ್ಬಿ ಹಿಡಿದು ಕೂತು ನನ್ನನ್ನು ಕೇಳುತ್ತಿದ್ದಳು.

"ಅವರದ್ದು ಆಯ್ತಾ?"

"ಅದು ಮುಗಿಯೋ ಊಟ ಅಲ್ಲ ಮಾರಾಯ್ತಿ. ಮಾತ್ರೆ ನುಂಗಿದ್ದೀಯ, ತಿನ್ನು."

"ಒಂದು ಚೀಲ ಖಾಲಿ ಆಗ್ಲಿ. ಆಮೇಲೆ ತಿಂತೀನಿ."

ಅಂದಿನಿಂದ ಚೀಲ ಬದಲಾದಾಗಲೆಲ್ಲ ನಾನು ಬಂದು ಹೇಳಬೇಕು, ಆಮೇಲೆ ಅವಳು ಡಬ್ಬಿ ಬಿಚ್ಚಬೇಕು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೂ ಹೇಳುತ್ತಿದ್ದೆ.

ಏಳನೆಯ ದಿನ ಮಧ್ಯಾಹ್ನ ಒಳಗೆ ಹೋದರೆ ಆಹಾರ ಹರಿಸುವ ಪಂಪು ನಿಂತಿತ್ತು. ಬಿಪಿ ಕುಸಿದಿದೆ, ಹೊಟ್ಟೆ ಉಬ್ಬಿದೆ, ಕರುಳು ಏನನ್ನೂ ತಾಳಿಕೊಳ್ಳುತ್ತಿಲ್ಲ, ಬೆಳಿಗ್ಗೆಯೇ ಆಹಾರ ನಿಲ್ಲಿಸಿದೆವು ಎಂದಳು ನರ್ಸ್. ಹೊರಗೆ ಬಂದೆ. ಅತ್ತಿಗೆಯ ಹಣೆ ಬೆವರಿತ್ತು, ಕೈ ನಡುಗುತ್ತಿತ್ತು. ಅವಳ ಸಕ್ಕರೆ ಇಳಿದಿತ್ತು.

"ಆಯ್ತಾ?"

"ಆಯ್ತು. ಪೂರ್ತಿ ಚೀಲ" ಎಂದೆ.

ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕಳು. ಎರಡು ಚಪಾತಿ, ಮೊಸರನ್ನ, ಎಲ್ಲ ತಿಂದಳು. ನಾಳೆ ಬಾಯಲ್ಲೇ ಗಂಜಿ ಕೊಡ್ತಾರೇನೋ ಎಂದಳು. ಅವಳು ಕೈ ತೊಳೆದು ಬರುವಷ್ಟರಲ್ಲಿ ನಮ್ಮನ್ನು ಒಳಗೆ ಕರೆದರು. ಸಂಜೆಯೊಳಗೆ ಅಣ್ಣ ಹೋದ.

ಸುಳ್ಳು ಹೇಳಿದ್ದಕ್ಕೆ ಪಶ್ಚಾತ್ತಾಪವಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸಂಕಟ ಮಾತ್ರ ಹೋಗಿಲ್ಲ. ಈಗ ಅತ್ತಿಗೆ ವಿನೋಬನಗರದ ನಮ್ಮ ಮನೆಯಲ್ಲೇ ಇದ್ದಾಳೆ. ಮಾತಾಡಿಸಲು ಬಂದವರಿಗೆಲ್ಲ ಸಮಾಧಾನದಿಂದ ಒಂದು ಮಾತು ಹೇಳುತ್ತಾಳೆ.

"ಹೋಗೋ ದಿನಾನೂ ಹೊಟ್ಟೆ ತುಂಬ ಉಂಡೇ ಹೋದ್ರು. ಬೇಕಾದ್ರೆ ಇವಳನ್ನ ಕೇಳಿ."

ಅವರು ನನ್ನತ್ತ ತಿರುಗುತ್ತಾರೆ. ನಾನು ಹೌದೆನ್ನುತ್ತೇನೆ.